ಬೀಬಿಯ ಎರಡು ಬಾಕಿ ಉಪವಾಸ

ಆಗ ನನಗೆ ಅರವತ್ತೊಂದು. ಒಂಬತ್ತು ವರ್ಷದ ಹಿಂದಿನ ಮಾತು. ಮೊನ್ನೆ ಮಲ್ಪೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹೊಸದಾಗಿ ತೆರೆದ ಬೇಕರಿಯಿಂದ ಏಲಕ್ಕಿ ಬನ್ನು ಬೇಯುವ ವಾಸನೆ ಬಂತು. ಪಕ್ಕದಲ್ಲಿದ್ದ ಹುಡುಗಿಯರು ಮೂಗೆಳೆದುಕೊಂಡು ಒಳಗೆ ಹೋದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಬೇರೆಯವರಿಗೆ ಆ ವಾಸನೆಗೆ ಹಸಿವಾಗುತ್ತದೆ. ನನಗೆ ಬೀಬಿಯ ಮೇಲ್ದುಟಿಯ ಬೆವರು ಕಾಣುತ್ತದೆ.

ನಾನು ಓದಿದ್ದು ಮೂರನೇ ಕ್ಲಾಸು. ಎಳೆದೆಳೆದು ಬರೆಯಲು ಬರುವುದಿಲ್ಲ. ಅದು ಓದುವವರಿಗೇ ಒಳ್ಳೆಯದು.

ಬೀಬಿ ಅಂದರೆ ಭಟ್ಕಳದ ನವಾಯತ ಮುಸ್ಲಿಮರ ಮನೆಯ ಹಿರಿಯ ಹೆಂಗಸು. ಅವರ ಗಂಡ ಅಬುಧಾಬಿಯ ಬನಿಯಾಸ್‌ನಲ್ಲಿ ಬಟ್ಟೆ ಅಂಗಡಿ ಹಾಕಿ, ಬೆಳೆಸಿ, ಅಲ್ಲಿಯೇ ತೀರಿಕೊಂಡರು. ಆಮೇಲೆ ಅಂಗಡಿಯನ್ನೂ ಮನೆಯನ್ನೂ ಮಗ ಇರ್ಫಾನ್ ನೋಡಿಕೊಳ್ಳುತ್ತಿದ್ದ. ನಾನು ಆ ಮನೆಯ ಅಡುಗೆಯವಳು. ನನ್ನ ಗಂಡ ಸಮುದ್ರಕ್ಕೆ ಹೋದವನು ಬರಲಿಲ್ಲ; ನಾನು ವಿಮಾನ ಹತ್ತಿದೆ. ಮೊದಲ ದಿನ ಬೀಬಿ ನನ್ನ ಮುಂದೆ ಒಂದು ಇಡೀ ಅಂಜಲ್ ಮೀನು ಇಟ್ಟು ಕತ್ತಿ ಕೊಟ್ಟರು. ನಾನು ತುಂಡು ಮಾಡಿದ್ದನ್ನು ನೋಡಿ, "ಇವಳು ಇರಲಿ" ಅಂದರು. ಅಷ್ಟೇ ನನ್ನ ಇಂಟರ್‌ವ್ಯೂ. ಹತ್ತೊಂಬತ್ತು ವರ್ಷ ಇದ್ದೆ ಆಗಲೇ. ಹಗಲೆಲ್ಲ ಬೀಬಿ ನನ್ನೊಟ್ಟಿಗೇ ಮಾತು. ಆದರೆ ಅವರ ಊಟ ಮೇಜಿನ ಮೇಲೆ, ನನ್ನ ಊಟ ಅಡುಗೆಮನೆಯಲ್ಲಿ, ಮರದ ಸ್ಟೂಲಿನ ಮೇಲೆ. ಅದರ ಬಗ್ಗೆ ಅವರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಮೂರನೆಯವಳು ಲಿಲ್ಲಿಬಾಯಿ. ಶಿರ್ವದ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಬನಿಯಾಸ್‌ನ ಒಂದು ಕ್ಲಿನಿಕ್ಕಿನಲ್ಲಿ ಆಯಾ ಆಗಿದ್ದವಳು. ಬೀಬಿಗೆ ಶುಗರ್ ಇತ್ತು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಹೋದಾಗ ಅಲ್ಲಿಯ ಬೆಂಚಿನ ಮೇಲೆ ನಾವು ಮೂವರೂ ಕೂತು ಊರಿನ ಮೀನು, ಊರಿನ ಮಳೆ, ಊರಿನ ಜಗಳ ಎಲ್ಲ ಮಾತಾಡಿ ಮುಗಿಸುತ್ತಿದ್ದೆವು. ಕೆಲಸ ಬಿಟ್ಟ ಮೇಲೆ ಲಿಲ್ಲಿಬಾಯಿ ದುಬೈಗೆ ಹೋಗಿ ಮಗಳು ಪ್ರೀಮಾಳ ಜೊತೆ ಇದ್ದಳು. ಪ್ರೀಮಾಳಿಗೆ ಜುಮೇರಾ ಲೇಕ್ ಟವರ್ಸ್ ಕಡೆಯ ಒಂದು ಹೊಟೇಲಿನ ರಿಸೆಪ್ಶನ್ನಿನಲ್ಲಿ ಕೆಲಸ. ಆ ಹೊಟೇಲಿನವರಿಗೆ ಲೋಕದ ತುಂಬ ಹೊಟೇಲುಗಳಿದ್ದವು. ಕೆಲಸದವರಿಗೆ ಯಾವ ಊರಿನಲ್ಲಾದರೂ ರೂಮು ಬಹಳ ಅಗ್ಗ.

ಆ ವರ್ಷ ಮೇ ತಿಂಗಳಲ್ಲೇ ಬನಿಯಾಸ್ ಕಾದ ಕಾವಲಿಯಾಗಿತ್ತು. ಬಟ್ಟೆ ಒಣಗಿಸಲು ಟೆರೇಸಿಗೆ ಹೋದರೆ ಚಪ್ಪಲಿಯ ಅಡಿ ಮೆತ್ತಗಾಗುತ್ತಿತ್ತು. ಅಂಥ ಒಂದು ಮಧ್ಯಾಹ್ನ ಲಿಲ್ಲಿಬಾಯಿಯ ಫೋನು.

"ಗಿರಿಜಾ, ಸ್ಟಾಕ್‌ಹೋಮ್‌ಗೆ ಹೋಗುವಾ ಮಾರಾಯ್ತಿ. ಸ್ವೀಡನ್ ದೇಶದ ರಾಜಧಾನಿ ಅಂತೆ. ಮೂರು ರಾತ್ರಿ. ಪ್ರೀಮಾಳೂ ಬರ್ತಾಳೆ, ರೂಮು ಅವಳ ಲೆಕ್ಕದಲ್ಲಿ, ಬೆಳಿಗ್ಗೆಯ ತಿಂಡಿ ಫ್ರೀ. ಸಾಯುವ ಮೊದಲು ಒಮ್ಮೆ ಚಳಿ ನೋಡುವಾ."

"ನಾನು ಕೆಲಸದವಳು ಬಾಯಿ. ಬೀಬಿಯನ್ನು ಬಿಟ್ಟು ಹೇಗೆ ಬರ್ಲಿಕ್ಕಾಗ್ತದೆ?"

"ಬಿಡುವುದು ಎಂತಕ್ಕೆ? ಬೀಬಿಯನ್ನೂ ಎಳ್ಕೊಂಡು ಬಾ."

ನಾನು ನಗುತ್ತಾ ಹೇಳಿದೆ, ಬೀಬಿ ನಗಲಿಲ್ಲ. ದುಬೈಯ ಮಾಲ್‌ಗೂ ಹೋಗಲು ಒಪ್ಪದ ಹೆಂಗಸು ಎದ್ದು ಕೂತರು.

"ಯಾವಾಗ ಹೋಗುವುದು? ರಂಜಾನ್ ಹಿಡಿಯುವ ಮೊದಲಾ?"

"ಮೊದಲೇ ಅಂತೆ."

"ಇರ್ಫಾನ್ ಬರುವುದಿಲ್ಲವಲ್ಲ?"

"ನಾವು ಹೆಂಗಸರು ಮಾತ್ರ."

"ಹಾಗಾದರೆ ಹೋಗುವಾ."

ನನಗೆ ಅಲ್ಲೇ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ. ನನ್ನ ತಲೆಯಲ್ಲಿ ಆಗಲೇ ಚಳಿ ಕೂತಿತ್ತು.

ಹಿಂದಿನ ರಂಜಾನ್‌ನಲ್ಲಿ ಬೀಬಿಗೆ ಶುಗರ್ ಹೆಚ್ಚುಕಡಿಮೆಯಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಕೆಲವು ಉಪವಾಸ ತಪ್ಪಿಹೋದವು. ಕಾಯಿಲೆಯವರು ಉಪವಾಸದ ಬದಲಿಗೆ ಬಡವರಿಗೆ ಊಟ ಹಾಕಿಸಬಹುದು ಅಂತ ಅವರಲ್ಲಿ ಉಂಟು. ಇರ್ಫಾನ್ ಹಾಗೆಯೇ ಊಟ ಹಾಕಿಸಿದ. ಬೀಬಿಗೆ ಸಮಾಧಾನವಿಲ್ಲ. "ಉಪವಾಸ ನನ್ನದು, ದುಡ್ಡು ಅವನದು. ಎರಡಕ್ಕೂ ಎಂತ ಸಂಬಂಧ?" ಅನ್ನುತ್ತಿದ್ದರು. ಮುಂದಿನ ರಂಜಾನ್ ಬರುವುದರೊಳಗೆ ತೀರಿಸಬೇಕು ಅಂತ ಚಳಿಗಾಲದ ಗಿಡ್ಡ ದಿನಗಳಲ್ಲಿ ಒಂದೊಂದಾಗಿ ಹಿಡಿದರು. ಬೆಳಗಿನ ಜಾವದ ಸಹರಿ ಊಟ ನಾನೇ ಮಾಡಿಕೊಡುತ್ತಿದ್ದೆ, ಸೊಸೆಗೆ ತಿಳಿಯದ ಹಾಗೆ. ಎರಡು ಬಾಕಿ ಇರುವಾಗ ಬೀಬಿ ಬಚ್ಚಲಲ್ಲಿ ತಲೆ ತಿರುಗಿ ಬಿದ್ದರು. ಉಪವಾಸದ ಗುಟ್ಟೆಲ್ಲ ಹೊರಗೆ ಬಂತು.

ಇರ್ಫಾನ್ ಅಡುಗೆಮನೆಗೆ ಬಂದು ನಿಧಾನವಾಗಿ ಹೇಳಿದ, "ಗಿರಿಜಕ್ಕ, ಇನ್ನೊಮ್ಮೆ ಅಮ್ಮ ಉಪವಾಸ ಹಿಡಿದರೆ ಸಹರಿ ಯಾರು ಮಾಡಿದ್ದು ಅಂತ ನಾನು ಕೇಳುವುದಿಲ್ಲ. ನನಗೆ ಗೊತ್ತು."

ಅವನು ಕೆಟ್ಟವನಲ್ಲ. ತಾಯಿ ಎಲ್ಲಿ ಹೋಗಿಬಿಡುತ್ತಾಳೋ ಅಂತ ಹೆದರಿದವನು. ಸ್ಟಾಕ್‌ಹೋಮ್ ಅಂದಾಗ ಅವನಿಗೆ ಸಂತೋಷವೇ ಆಯಿತು. ತಾಯಿಗೆ ಏನೋ ಒಂದು ಆಸೆ ಹುಟ್ಟಿತಲ್ಲ ಅಂತ. ವೀಸಾ ಆಫೀಸಿಗೆ ತಾನೇ ಕರೆದುಕೊಂಡು ಹೋದ. ಅಲ್ಲಿ ನನ್ನ ಬೆರಳಚ್ಚು ಮೂಡಲೇ ಇಲ್ಲ. ಮೀನು ಉಜ್ಜಿ, ಪಾತ್ರೆ ಉಜ್ಜಿ ಗೆರೆ ಸವೆದಿದ್ದವು. ಆಫೀಸಿನ ಹುಡುಗಿ ಬೆರಳನ್ನು ಒತ್ತಿ ಒತ್ತಿ ಸುಸ್ತಾದಳು. "ಗೆರೆ ಇಲ್ಲದವಳನ್ನು ಅಲ್ಲೇ ಇಟ್ಟುಕೊಳ್ತಾರೋ ಏನೋ" ಅಂತ ಬೀಬಿ ನಕ್ಕರು. ಹೊರಡುವ ದಿನ ಇರ್ಫಾನ್ ಮಾತ್ರೆಯ ಡಬ್ಬಿ ನನ್ನ ಕೈಗೆ ಕೊಟ್ಟ. "ಹೇಗೆ ಕಳಿಸಿದ್ದೇನೋ ಹಾಗೆಯೇ ವಾಪಸ್ ಬೇಕು." ನಾನು ಹೂಂ ಅಂದೆ.

ಸ್ಟಾಕ್‌ಹೋಮ್‌ನಲ್ಲಿ ಇಳಿದಾಗ ಬಿಸಿಲಿತ್ತು, ಆದರೆ ಆ ಬಿಸಿಲಲ್ಲಿ ಬಿಸಿ ಇರಲಿಲ್ಲ. ಬರೀ ಬೆಳಕು. ನಾನು ಸೀರೆಯ ಮೇಲೆ ಇರ್ಫಾನ್‌ನ ಹಳೇ ಜಾಕೆಟ್ಟು ಹಾಕಿಕೊಂಡಿದ್ದೆ. ಬೀಬಿ ಬುರ್ಖಾದೊಳಗೆ ಎರಡು ಸ್ವೆಟರ್. ಲಿಲ್ಲಿಬಾಯಿ ಮಂಗಳೂರಿನ ಮದುವೆಗೆ ಹೊಲಿಸಿದ ಕೋಟು. ಹೊಟೇಲಿನ ಕೌಂಟರಿನಲ್ಲಿ ಪ್ರೀಮಾ ನಮ್ಮನ್ನು ತೋರಿಸಿ, "ಮೈ ಮಮ್ಮಿ ಆ್ಯಂಡ್ ಹರ್ ಫ್ರೆಂಡ್ಸ್" ಅಂದಳು. ಫ್ರೆಂಡ್ಸ್ ಅನ್ನುವ ಲೆಕ್ಕದಲ್ಲಿ ನಾನೂ ಬಂದೆ. ಬೀಬಿಗೂ ನನಗೂ ಒಂದೇ ರೂಮು. ಎರಡು ಮಂಚ, ಎರಡೂ ಒಂದೇ ಅಳತೆ.

"ಕಿಟಕಿ ಕಡೆಯದು ನೀನು ತಗೋ" ಅಂದರು ಬೀಬಿ.

"ನೀವು ತಗೊಳ್ಳಿ."

"ನನಗೆ ಬಚ್ಚಲು ಹತ್ತಿರ ಆಗಬೇಕು. ಇದರಲ್ಲಿ ಮರ್ಯಾದೆ ಎಂತದು?"

ಹೊಟೇಲಿನ ಕೆಳಗೇ ಬೇಕರಿ. ಬಾಗಿಲು ತೆರೆದಾಗಲೆಲ್ಲ ಏಲಕ್ಕಿಯ ವಾಸನೆ. "ಇವರಿಗೆ ಏಲಕ್ಕಿ ಯಾರು ಕೊಟ್ಟರು?" ಅಂತ ಬೀಬಿ ಬಾಗಿಲಲ್ಲೇ ನಿಂತರು. ಪ್ರೀಮಾ ನಾಲ್ಕು ಬನ್ನು, ನಾಲ್ಕು ಕಾಫಿ ತಂದಳು. ಲಿಲ್ಲಿಬಾಯಿ ಬಿಲ್ಲನ್ನು ದಿರ್ಹಮ್ ಮಾಡಿ, ರೂಪಾಯಿ ಮಾಡಿ, ಕೊನೆಗೆ ಮೀನು ಮಾಡಿದಳು. "ಜೀಸಸ್! ಈ ಒಂದು ಕಾಫಿಗೆ ಊರಲ್ಲಿ ಒಂದು ಬುಟ್ಟಿ ಬಂಗುಡೆ ಬರ್ತಿತ್ತು. ಯಾರೂ ಒಂದು ಗುಟುಕೂ ಬಿಡಬಾರದು." ಬೀಬಿ ಇಡೀ ಬನ್ನು ತಿಂದು ನನ್ನದರಲ್ಲಿ ಅರ್ಧಕ್ಕೆ ಕೈ ಹಾಕಿದರು.

"ಸಕ್ಕರೆ ಉಂಟು ಬೀಬಿ."

"ಇವತ್ತು ತಿನ್ಲಿಕ್ಕುಂಟು. ಸುಮ್ಮನಿರು."

ಪ್ರಯಾಣದ ಸುಸ್ತಿಗೆ ಬೇಗ ಮಲಗಿದೆವು. ಹೊರಗೆ ಇನ್ನೂ ಹಗಲಿತ್ತು. ಆದರೆ ಆ ಹೊಟೇಲಿನ ಪರದೆ ಕಂಬಳಿಯಷ್ಟು ದಪ್ಪ. ಎಳೆದರೆ ರೂಮು ಕತ್ತಲೆ. ನಮಗೆ ಅಷ್ಟು ಸಾಕಾಯಿತು. ಹೊರಗಿನದನ್ನು ಇಬ್ಬರೂ ನೋಡಲಿಲ್ಲ. ನಡುವೆ ನನಗೆ ಒಮ್ಮೆ ಎಚ್ಚರವಾದಾಗ ನೀರು ಕಾಯಿಸುವ ಕೆಟಲಿನ ಸದ್ದು. ಬೀಬಿ ಮಂಚದ ತುದಿಯಲ್ಲಿ ಕೂತು ಅವಲಕ್ಕಿ ನೆನೆಸಿ ತಿನ್ನುತ್ತಿದ್ದರು, ಪಕ್ಕದಲ್ಲಿ ಖರ್ಜೂರ. "ಹಸಿವಾಯಿತು, ಮಲಗು" ಅಂದರು. ಮಲಗಿದೆ.

ಬೆಳಿಗ್ಗೆ ಫ್ರೀ ತಿಂಡಿ. ಮೇಜಿನ ತುಂಬ ಬ್ರೆಡ್ಡು, ಮೊಟ್ಟೆ, ಹಸಿ ಮೀನಿನ ಚೂರು. ಲಿಲ್ಲಿಬಾಯಿ ಮಧ್ಯಾಹ್ನಕ್ಕೆಂದು ಬೇಯಿಸಿದ ಮೊಟ್ಟೆಗಳನ್ನು ಚೀಲಕ್ಕೆ ಇಳಿಸುತ್ತಿದ್ದಳು. ನಾನು ಚಹಾದ ಪಕ್ಕ ಇಟ್ಟಿದ್ದ ಸಕ್ಕರೆಯ ಕಾಗದದ ಪೊಟ್ಟಣಗಳನ್ನು ಒಂದು ಹಿಡಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬೀಬಿಯ ಮುಂದೆ ಖಾಲಿ ತಟ್ಟೆ. ಅವರ ಮುಖದಲ್ಲಿ ಚಳಿಗಾಲದಲ್ಲಿ ನಾನು ನೋಡಿದ್ದ ಅದೇ ಕಳ್ಳ ಸಂತೋಷ. ಆಗ ತಿಳಿಯಿತು. ಇವರು ಸ್ಟಾಕ್‌ಹೋಮ್ ನೋಡಲು ಬಂದವರಲ್ಲ. ಮಗ ಇಲ್ಲದ ಜಾಗಕ್ಕೆ ಬಂದವರು.

ಲಿಲ್ಲಿಬಾಯಿ ಆಚೆ ಹೋದಾಗ ಕೇಳಿದೆ, "ಬೀಬಿ, ಹಿಡಿದಿರಾ?"

"ಎರಡೇ ಬಾಕಿ ಗಿರಿಜಾ. ಇವತ್ತೊಂದು, ನಾಳೆಯೊಂದು. ನೀನು ಬಾಯಿ ಬಿಡಬೇಡ."

"ಮಾತ್ರೆ?"

"ಹಾಕಿದ್ದೇನೆ. ಸೂರ್ಯ ಮುಳುಗಲು ಎಷ್ಟು ಹೊತ್ತು? ಮನೆಯಲ್ಲಾದರೆ ಏಳಕ್ಕೆ. ಇಲ್ಲಿ ಚಳಿ, ಬಾಯಾರುವುದೂ ಇಲ್ಲ."

ನನಗೂ ಅಷ್ಟೇ ಗೊತ್ತಿದ್ದದ್ದು. ನಮ್ಮ ಊರಲ್ಲೂ ಏಳಕ್ಕೆ, ಅಬುಧಾಬಿಯಲ್ಲೂ ಏಳಕ್ಕೆ. ಸೂರ್ಯ ಒಂದೇ ಅಲ್ಲವಾ.

ಆ ದಿನ ನೀರಿನ ಮೇಲೆ ಕಟ್ಟಿದ ಆ ಊರನ್ನು ತಿರುಗಿದೆವು. ಸೇತುವೆ, ಹಳದಿ ಮನೆಗಳು, ಅರಮನೆ. ನಾನು ಅರ್ಧ ನೋಡಿದೆ, ಅರ್ಧ ಬೀಬಿಯನ್ನು ನೋಡಿದೆ. ಸಂಜೆ ಮೆಟ್ರೋದಲ್ಲಿ ವಾಪಸು ಬರುವಾಗ ಬೀಬಿಯ ಚೀಲದಿಂದ ಬಾಂಗ್ ಕೂಗಿತು. ಅವರ ಫೋನಿನಲ್ಲಿ ಹೊತ್ತುಹೊತ್ತಿಗೆ ನಮಾಜಿನ ಬಾಂಗ್ ಕೂಗುವ ವ್ಯವಸ್ಥೆ ಇತ್ತು, ಅಬುಧಾಬಿಯ ಸೂರ್ಯಾಸ್ತಕ್ಕೆ ಹೊಂದಿಸಿದ್ದು. ಗಟ್ಟಿ ಗಂಟಲು. ಇಡೀ ಡಬ್ಬಿ ಸ್ತಬ್ಧವಾಯಿತು. ಬೀಬಿಯ ಬೆರಳು ಗಾಬರಿಯಲ್ಲಿ ಚೀಲದೊಳಗೆ ತಡಕುತ್ತಿತ್ತು, ಫೋನು ಸಿಗುತ್ತಿರಲಿಲ್ಲ. ಎದುರಿಗೆ ಕೂತಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಎದ್ದಳು. ಬಾಗಿಲ ಬಳಿಯ ಇಬ್ಬರು ಮುಂದಿನ ಸ್ಟೇಶನ್ನಿನಲ್ಲಿ ಇಳಿದು ಪಕ್ಕದ ಡಬ್ಬಿ ಹತ್ತಿದರು. ಕೊನೆಗೆ ಪ್ರೀಮಾ ಚೀಲ ಕಿತ್ತುಕೊಂಡು ಫೋನು ಆರಿಸಿದಳು. ಅವಳ ಕಿವಿ ಕೆಂಪಾಗಿತ್ತು.

ಬೀಬಿ ಖರ್ಜೂರದ ಪೊಟ್ಟಣ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. ಆದರೆ ರೈಲು ನೆಲದಡಿಯಿಂದ ಸೇತುವೆಯ ಮೇಲೆ ಬಂದಾಗ ಕಿಟಕಿಯಲ್ಲಿ ಸೂರ್ಯ ನಡುಹಗಲಿನ ಹಾಗೆ ನಿಂತಿದ್ದ.

"ಇದೆಂತದು?" ಅಂದರು.

ಲಿಲ್ಲಿಬಾಯಿಗೂ ಪ್ರೀಮಾಳಿಗೂ ಎಲ್ಲ ಹೇಳಬೇಕಾಯಿತು. ಪ್ರೀಮಾ ತನ್ನ ಫೋನಿನಲ್ಲಿ ನೋಡಿ, "ಆಂಟಿ, ಸನ್‌ಸೆಟ್ ಇಲ್ಲಿ ನೈನ್ ಫಾರ್ಟಿ" ಅಂದಳು.

"ಬೆಳಿಗ್ಗೆಯದಾ?"

"ರಾತ್ರಿ ಒಂಬತ್ತು ನಲವತ್ತು. ಇಲ್ಲಿ ಸಮ್ಮರ್‌ನಲ್ಲಿ ಕತ್ತಲೆಯೇ ಆಗುವುದಿಲ್ಲ."

ಬೀಬಿ ಖರ್ಜೂರವನ್ನು ಪೊಟ್ಟಣದೊಳಗೆ ವಾಪಸು ಇಟ್ಟರು. ಲಿಲ್ಲಿಬಾಯಿ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಬೈಯುತ್ತಿದ್ದ ಹಾಗೇ ಬೈದಳು. "ಶುಗರ್ ಇಟ್ಟುಕೊಂಡು ಈ ಹುಡುಗಾಟಿಕೆ ಎಂತದು ಬೀಬಿ? ನಿಮ್ಮ ಫೋನು ಬಾಂಗ್ ಕೊಟ್ಟಾಯ್ತು. ಬೆಳಿಗ್ಗೆ ಶುರು ಮಾಡಿದ್ದು ಆ ಫೋನು ನೋಡಿಯೇ ಅಲ್ಲವಾ? ಮುಗಿಸುವುದೂ ಅದನ್ನೇ ನೋಡಿ ಮುಗಿಸಿ."

"ಫೋನು ಅಬುಧಾಬಿಯಲ್ಲಿ ಇರಬಹುದು. ನಾನು ಇಲ್ಲಿದ್ದೇನಲ್ಲ. ನಾನು ಎಲ್ಲಿದ್ದೇನೆ ಅಂತ ಅಲ್ಲಾಹನಿಗೆ ಗೊತ್ತಿಲ್ಲವಾ?"

"ಪ್ರಯಾಣ ಮಾಡುವವರಿಗೆ ಬೇಡ ಅಂತ ನಿಮ್ಮಲ್ಲೇ ಉಂಟಲ್ಲ?"

"ಬೇಡ ಅಂತ ಉಂಟು ಬಾಯಿ. ಮಾಡಬಾರದು ಅಂತ ಇಲ್ಲ."

ಆ ಸಂಜೆ ನಾವು ನಾಲ್ವರೂ ಹೊಟೇಲಿನ ಎದುರೇ ನೀರಿನ ಬದಿಯ ಬೆಂಚಿನಲ್ಲಿ ಕೂತು ಸೂರ್ಯನನ್ನು ಕಾದೆವು, ಒಲೆಯ ಮೇಲಿನ ಹಾಲನ್ನು ಕಾಯುವ ಹಾಗೆ. ಆದರೆ ಹಾಲು ಒಮ್ಮೆಯಾದರೂ ಉಕ್ಕುತ್ತದೆ. ಆ ಸೂರ್ಯ ಕೆಳಗಿಳಿಯದೆ ಅಡ್ಡಡ್ಡ ನಡೆದ. ಎದುರಿನ ಚರ್ಚಿನ ಗೋಪುರದ ಹಿಂದೆ ಹೋದಾಗ ಮುಗಿಯಿತು ಅಂದುಕೊಂಡೆವು. ಆಚೆ ಬದಿಯಿಂದ ಮತ್ತೆ ಹೊರಟ. ಲಿಲ್ಲಿಬಾಯಿ ಕೊಂಕಣಿಯಲ್ಲಿ ಅವನಿಗೂ ಬೈದಳು. ಕೊನೆಗೆ ಪ್ರೀಮಾ ಕೈ ಎತ್ತಿದಾಗ ಬೀಬಿ ಖರ್ಜೂರ ಬಾಯಿಗಿಟ್ಟರು. ನಕ್ಕರು. "ಒಂದಾಯಿತು" ಅಂದರು. ಅರ್ಧ ಖರ್ಜೂರ ಮುರಿದು ನನಗೆ ಕೊಟ್ಟರು. ಹತ್ತೊಂಬತ್ತು ವರ್ಷದಲ್ಲಿ ಅವರ ಪಕ್ಕದಲ್ಲಿ ಕೂತು ಅವರೊಟ್ಟಿಗೆ ತಿಂದದ್ದು ಆ ಎರಡು ದಿನವೇ.

ರೂಮಿಗೆ ಬಂದ ಮೇಲೆ ನಾನು ಬೇಡಿಕೊಂಡೆ. ಇನ್ನೊಂದನ್ನು ಮನೆಯಲ್ಲಿ ಹಿಡಿಯಿರಿ, ನಾನೇ ಏನಾದರೂ ಮಾಡುತ್ತೇನೆ ಅಂದೆ.

"ಮನೆಯಲ್ಲಿ ಇರ್ಫಾನ್ ಬಿಡ್ತಾನಾ? ಒಂದು ಉಳಿದರೆ ಗಂಟಲಲ್ಲಿ ಮೀನಿನ ಮುಳ್ಳು ಉಳಿದ ಹಾಗೆ ಗಿರಿಜಾ. ನುಂಗಲಿಕ್ಕೂ ಇಲ್ಲ, ಉಗಿಯಲಿಕ್ಕೂ ಇಲ್ಲ."

ತಡವಾಗಿ ತಿಂದದ್ದು ಅರಗುವ ಮೊದಲೇ ಸಹರಿಯ ಹೊತ್ತಾಗಿತ್ತು. ಬೀಬಿ ಎರಡು ತುತ್ತು ಅವಲಕ್ಕಿ ತಿಂದು ಬಟ್ಟಲು ಸರಿಸಿದರು. ಪರದೆಯ ಸಂದಿಯಲ್ಲಿ ಆಗಲೇ ಬೆಳಕು.

ಎರಡನೇ ದಿನ ನಾನು ಅವರನ್ನು ಹೊಟೇಲಿನಿಂದ ಹೊರಗೆ ಬಿಡಲಿಲ್ಲ. ಲಿಲ್ಲಿಬಾಯಿಯೂ ಎಲ್ಲಿಗೂ ಹೋಗಲಿಲ್ಲ. ಅಷ್ಟು ದುಬಾರಿ ಊರಿಗೆ ಹೋಗಿ ಒಂದಿಡೀ ದಿನ ರೂಮಿನಲ್ಲಿ ಕೂತು ಗೋಡೆ ನೋಡಿದೆವು. ಪ್ರೀಮಾ ಮುಖ ಊದಿಸಿಕೊಂಡು ಒಬ್ಬಳೇ ಹೋಗಿ ಬಂದಳು. ಅವಳ ತಪ್ಪೇನು? ರಜೆ ಅವಳದು, ಮೂವರು ಮುದುಕಿಯರನ್ನು ಕಟ್ಟಿಕೊಂಡು ಬಂದಿದ್ದಳು. ಸಂಜೆ ಬೀಬಿ, "ಉಸಿರು ಕಟ್ಟುತ್ತದೆ, ಕೆಳಗೆ ಕೂರುವಾ" ಅಂದರು. ಬೇಕರಿಯ ಹೊರಗಿನ ಬೆಂಚಿನಲ್ಲಿ ಕೂತೆವು. ಎಂಟೂವರೆ ಆಗಿರಬೇಕು, ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬೇಕರಿಯವನು ಕೊನೆಯ ಬನ್ನು ಬೇಯಿಸುತ್ತಿದ್ದ.

ಬೀಬಿಯ ಮೇಲ್ದುಟಿ ಬೆವರಿತು. ನಮಗೆಲ್ಲ ಚಳಿಯಾಗುತ್ತಿತ್ತು, ಅವರಿಗೆ ಬೆವರು. ನನ್ನನ್ನು ನೋಡಿ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಕೇಳಿದರು. ತೀರಿಹೋದ ತಂಗಿಯ ಹೆಸರು ಹಿಡಿದು ಕರೆದರು. ನಾನು, "ಬೀಬಿ, ನಾನು ಗಿರಿಜಾ" ಅಂದೆ. ಕಣ್ಣು ನನ್ನ ಮೇಲಿತ್ತು, ನೋಟ ಇರಲಿಲ್ಲ. ಆಮೇಲೆ ಒಂದು ಬದಿಗೆ ವಾಲಿದರು.

ಲಿಲ್ಲಿಬಾಯಿ ಅವರ ತಲೆ ಹಿಡಿದುಕೊಂಡಳು. ಪ್ರೀಮಾ ಆ್ಯಂಬುಲೆನ್ಸಿಗೆ ಫೋನು ಹಚ್ಚಿದಳು. ನಾನು ಸೊಂಟದಿಂದ ಸಕ್ಕರೆಯ ಪೊಟ್ಟಣ ತೆಗೆದು, ಹಲ್ಲಿನಿಂದ ಹರಿದು, ಅವರ ದವಡೆಯೊಳಗೆ ಬೆರಳು ಹಾಕಿ ಸವರಿದೆ. ಅವರ ಹಲ್ಲು ನನ್ನ ಬೆರಳನ್ನು ಕಚ್ಚಿತು. ಬೇಡ ಅಂತ ಕಚ್ಚಿದ್ದೋ, ಸುಮ್ಮನೆ ಕಚ್ಚಿಕೊಂಡದ್ದೋ ಗೊತ್ತಿಲ್ಲ. ನಾನು ಇನ್ನೊಂದು ಹರಿದೆ. ಮತ್ತೊಂದು ಹರಿದೆ. ಸೂರ್ಯ ಚರ್ಚಿನ ಗೋಪುರದ ಈಚೆಗೇ ಇದ್ದ.

ಆಸ್ಪತ್ರೆಯವರು ಕೈಗೆ ಸೂಜಿ ಹಾಕಿ ಮಲಗಿಸಿದರು. ಬಹಳ ಒಳ್ಳೆಯ ಜನ, ಬೈಯಲಿಲ್ಲ. ಪ್ರಾಣಕ್ಕೆ ಭಯವಿಲ್ಲ, ಬೆಳಿಗ್ಗೆ ಕರೆದುಕೊಂಡು ಹೋಗಬಹುದು ಅಂದರಂತೆ. ಬೀಬಿ ಕಣ್ಣು ಬಿಡುವ ಮೊದಲೇ ಲಿಲ್ಲಿಬಾಯಿ ನನ್ನನ್ನು ಮೂಲೆಗೆ ಎಳೆದಳು. "ಕೇಳಿದರೆ ಸೂರ್ಯ ಮುಳುಗಿತ್ತು ಅಂತ ಹೇಳು ಗಿರಿಜಾ. ಪಾಪ ಬಂದರೆ ನನಗಿರಲಿ, ನಾನು ಕನ್‌ಫೆಷನ್‌ನಲ್ಲಿ ಹೇಳ್ತೇನೆ."

ಬೀಬಿ ಕಣ್ಣು ಬಿಟ್ಟವರೇ ನಾಲಗೆಯಿಂದ ಹಲ್ಲು ಸವರಿಕೊಂಡರು. ಸಕ್ಕರೆ ಅಲ್ಲೇ ಇತ್ತು.

"ಮುಳುಗಿತ್ತಾ?" ಅಂದರು ನನ್ನನ್ನೇ ನೋಡಿ.

ಲಿಲ್ಲಿಬಾಯಿ ನನ್ನ ಸೆರಗು ಜಗ್ಗಿದಳು. ಹತ್ತೊಂಬತ್ತು ವರ್ಷ ಅವರ ಮನೆಯಲ್ಲಿ ಉಪ್ಪು ಹೆಚ್ಚಾದರೆ ಹೆಚ್ಚಾಯಿತು ಅಂತಲೇ ಹೇಳಿದವಳು ನಾನು.

"ಇಲ್ಲ" ಅಂದೆ. "ಇನ್ನೂ ಒಂದು ಗಂಟೆ ಇತ್ತು. ನಾನೇ ಹಾಕಿದ್ದು."

ಬೀಬಿ ಇನ್ನೊಮ್ಮೆ ನಾಲಗೆಯಿಂದ ಹಲ್ಲು ಸವರಿಕೊಂಡರು. ಆಮೇಲೆ ಹೇಳಿದರು, "ನನ್ನ ಬಾಯಿಯೊಳಗೆ ಕೈ ಹಾಕಲಿಕ್ಕೆ ನೀನು ಯಾರು?"

"ಆ ಬಾಯಿಗೆ ಇಷ್ಟು ವರ್ಷ ಬೇಯಿಸಿ ಹಾಕಿದವಳು."

"ಅದು ಸಂಬಳಕ್ಕೆ."

ಲಿಲ್ಲಿಬಾಯಿ, "ಬೀಬಿ!" ಅಂದಳು. ಬೀಬಿ ಗೋಡೆಯ ಕಡೆ ತಿರುಗಿದರು. ನಾನು ಹೊರಗೆ ಬಂದು ಕುರ್ಚಿಯಲ್ಲಿ ಕೂತೆ. ಅಳಲಿಲ್ಲ. ಅವರು ಹೇಳಿದ್ದು ಸುಳ್ಳೂ ಅಲ್ಲವಲ್ಲ. ಸಂಬಳ ತೆಗೆದುಕೊಂಡಿದ್ದೆ, ತಿಂಗಳು ತಪ್ಪದೆ. ಆದರೆ ಸಕ್ಕರೆ ಹಾಕುವಾಗ ನನಗೆ ಸಂಬಳದ ನೆನಪಿರಲಿಲ್ಲ. ಅದನ್ನು ಹೇಗೆ ಹೇಳುವುದು, ಯಾರಿಗೆ ಹೇಳುವುದು? ಫ್ರೆಂಡ್ಸ್ ಅಂತ ಪ್ರೀಮಾ ಕೌಂಟರಿನಲ್ಲಿ ಹೇಳಿದಾಗಲೇ ನಾನು ನಗಬೇಕಿತ್ತು.

ಮರುದಿನ ವಿಮಾನದಲ್ಲಿ ಬೀಬಿಯ ಪಕ್ಕ ಲಿಲ್ಲಿಬಾಯಿ ಕೂತಳು. ನಾನು ಹಿಂದೆ, ಪ್ರೀಮಾಳ ಜೊತೆ. ಮಾತ್ರೆಯ ಹೊತ್ತಿಗೆ ನಾನು ಎದ್ದು ಹೋಗಿ ಡಬ್ಬಿ ಚಾಚಿದರೆ ಕೈ ಮಾತ್ರ ಬಂತು.

ಇನ್ಶೂರೆನ್ಸ್‌ನವರು ಇರ್ಫಾನ್‌ಗೆ ಫೋನು ಮಾಡಿದ್ದರು. ದುಬೈಯಲ್ಲಿ ಇಳಿದಾಗ ಅವನು ಬಾಗಿಲಲ್ಲೇ ನಿಂತಿದ್ದ. ತಾಯಿಯ ಕೈ ಹಿಡಿದು ಹಣೆಗೆ ಒತ್ತಿಕೊಂಡ. ನನ್ನ ಕಡೆ ನೋಡಲಿಲ್ಲ. ಲಿಲ್ಲಿಬಾಯಿ, ಪ್ರೀಮಾ ತಮ್ಮ ಟ್ಯಾಕ್ಸಿ ಹಿಡಿದರು. ಹೋಗುವ ಮೊದಲು ಲಿಲ್ಲಿಬಾಯಿ ನನ್ನ ಭುಜ ಅಲುಗಿಸಿ, "ಒಂದು ಸುಳ್ಳು ಹೇಳ್ಲಿಕ್ಕಾಗಲಿಲ್ಲ ನಿನಗೆ, ಕತ್ತೆ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಕಾರಿನಲ್ಲಿ ಬೀಬಿ ಮುಂದೆ, ನಾನು ಹಿಂದೆ ಪೆಟ್ಟಿಗೆಗಳ ಪಕ್ಕ. ಹೊರಗೆ ಮರಳಿನ ಮೇಲೆ ಬಿಸಿಗಾಳಿ ಮಸುಕಾಗಿ ಎದ್ದಿತ್ತು. ಅರ್ಧ ದಾರಿಯಲ್ಲಿ ಇರ್ಫಾನ್ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಗಿರಿಜಕ್ಕ, ನಿಮಗೂ ವಯಸ್ಸಾಯಿತು. ರಂಜಾನ್ ಮುಗಿದ ಮೇಲೆ ಊರಿಗೆ ಹೋಗಿ ಆರಾಮಾಗಿರಿ. ಟಿಕೆಟ್ ನಾನು ಮಾಡಿಸ್ತೇನೆ."

"ಆಯಿತು" ಅಂದೆ.

"ಅಮ್ಮ, ನೀವೂ ಕೇಳಿಸಿಕೊಳ್ಳಿ. ಆ ಬಾಕಿ ಉಪವಾಸಗಳಿಗೆಲ್ಲ ಊಟ ಹಾಕಿಸಿಯಾಗಿದೆ. ಇನ್ನು ಆ ಮಾತು ಬೇಡ. ಖಲಾಸ್."

ನಾನು ಸಕ್ಕರೆ ಹಾಕದಿದ್ದರೆ ಆ ಕಾರಿನಲ್ಲಿ ಅವರು ಇರುತ್ತಿರಲಿಲ್ಲ ಅಂತ ಬೀಬಿ ಒಂದು ಮಾತು ಹೇಳಬಹುದಿತ್ತು. ಸಹರಿ ನಾನು ಮಾಡಿಕೊಟ್ಟದ್ದಲ್ಲ ಅಂತಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಕಿಟಕಿಯಾಚೆ ಸೂರ್ಯ ಮುಳುಗುತ್ತಿದ್ದ. ಇಲ್ಲಿ ಅವನು ಒದ್ದಾಡುವುದಿಲ್ಲ. ಕಲ್ಲು ಎಸೆದ ಹಾಗೆ ಇಳಿದುಬಿಡುತ್ತಾನೆ. ಬೀಬಿ ಅದನ್ನೇ ನೋಡುತ್ತಿದ್ದರು.

ಮನೆಗೆ ಬಂದು ಎಲ್ಲರಿಗೂ ಅಡುಗೆ ಮಾಡಿ ಬಡಿಸಿದೆ. ನನ್ನ ತಟ್ಟೆ ಹಿಡಿದು ಸ್ಟೂಲಿನ ಮೇಲೆ ಕೂತಾಗ ಮೊದಲ ಸಲ ಆ ಸ್ಟೂಲು ಗಿಡ್ಡ ಅನ್ನಿಸಿತು. ಮೊಣಕಾಲು ಎದೆಗೆ ತಾಗುತ್ತಿತ್ತು. ಇಷ್ಟು ವರ್ಷ ಹೇಗೆ ಕೂತೆನೋ.

ಮರುದಿನ ಬೆಳಿಗ್ಗೆ ಬಾಂಗಿಗೂ ಮೊದಲು ಎದ್ದೆ. ಅದು ನನಗೆ ಅಭ್ಯಾಸ. ಅಡುಗೆಮನೆಯ ದೀಪ ಹಾಕಿದರೆ ನನ್ನ ಸ್ಟೂಲಿನ ಮೇಲೆ ಬೀಬಿ ಕೂತಿದ್ದರು. ದೊಡ್ಡ ಮೈ, ಗಿಡ್ಡ ಸ್ಟೂಲು. ಕಾಲು ಎಲ್ಲಿಡಬೇಕೆಂದು ತಿಳಿಯದೆ ಒಂದು ಬದಿಗೆ ಚಾಚಿದ್ದರು.

"ಇದರ ಮೇಲೆ ಕೂತು ಹೇಗೆ ಉಣ್ತಿದ್ದಿ ನೀನು?" ಅಂದರು.

"ಅಭ್ಯಾಸ."

"ಇಲ್ಲಿ ಏಳಕ್ಕೆ ಮುಳುಗ್ತದೆ ಅಲ್ಲವಾ?"

"ಏಳಕ್ಕೆ."

"ಒಂದೇ ಬಾಕಿ."

ನಾನು ಒಲೆ ಹಚ್ಚಲಿಲ್ಲ. "ಇರ್ಫಾನ್ ನನ್ನನ್ನು ಊರಿಗೆ ಕಳಿಸ್ತಾನೆ. ನೀವೂ ಕೇಳಿದ್ದೀರಿ."

"ಕಳಿಸಿದರೆ ನನಗೆ ಸಕ್ಕರೆ ಹಾಕುವವರು ಯಾರು? ಅವನ ಹೆಂಡತಿ ಹಾಕ್ತಾಳಾ? ಅವಳಿಗೆ ನನ್ನ ಬೆವರು ಗೊತ್ತಾಗ್ತದಾ? ಅವನಿಗೆ ನಾನು ಹೇಳ್ತೇನೆ. ಇವತ್ತು ಸಂಜೆ, ಏಳು ಗಂಟೆ ಆದ ಮೇಲೆ."

"ಹಾಕಿದ್ದಕ್ಕೇ ಅಲ್ಲವಾ ಸಿಟ್ಟು?"

"ಸಿಟ್ಟು ಉಂಟು. ಈಗಲೂ ಉಂಟು. ಕೇಳದೆ ಹಾಕಿದೆ."

"ಪ್ರಜ್ಞೆ ಇಲ್ಲದವರನ್ನು ಹೇಗೆ ಕೇಳುವುದು ಬೀಬಿ?"

ಅವರು ತಮ್ಮ ಕೈ ನೋಡಿಕೊಂಡರು. ಸೂಜಿ ಚುಚ್ಚಿದ ಜಾಗ ನೀಲಿಯಾಗಿತ್ತು.

"ಈಗ ಪ್ರಜ್ಞೆ ಉಂಟಲ್ಲ. ಈಗ ಕೇಳು."

ನಾನು ಕೇಳಿದೆ. "ಇವತ್ತು ಬಿದ್ದರೆ ಹಾಕಲಾ?"

"ಹಾಕು" ಅಂದರು.

ವಿಮಾನ ಹತ್ತುವಾಗ ಜಾಕೆಟ್ಟಿನ ಜೇಬಿಗೆ ಹಾಕಿದ್ದ ಆ ಹೊಟೇಲಿನ ಸಕ್ಕರೆಯ ಪೊಟ್ಟಣಗಳು ಇನ್ನೂ ಉಳಿದಿದ್ದವು. ತಂದು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಅವರಿಗೆ ಕಾಣುವ ಹಾಗೆಯೇ. ಮೇಜಿನ ಹತ್ತಿರದಿಂದ ಒಂದು ಕುರ್ಚಿ ಎಳೆದು ತಂದು ಅಡುಗೆಮನೆಯಲ್ಲಿ ಹಾಕಿ, ಅದರ ಮೇಲೆ ನಾನು ಕೂತು, ಇಬ್ಬರಿಗೂ ಸಾಕಾಗುವಷ್ಟು ಗಂಜಿಗೆ ಅಕ್ಕಿ ಆರಿಸಿದೆ.